ಕೊಡಪಾನವೂ ಗೆರಟೆಯೂ

ಕುರ್‌ಆನಿನ 107ನೆಯ ಅಧ್ಯಾಯದ ಹೆಸರು ‘ಮಾಊನ್’. ಇರುವುದು ಏಳೇ ಏಳು ವಾಕ್ಯ. ಅನಾಥನನ್ನು ಅಟ್ಟುವವನು, ಬಡವನಿಗೆ ಊಟ ಹಾಕಿ ಅಂತ ಇನ್ನೊಬ್ಬರಿಗೂ ಹೇಳದವನು, ಜನ ನೋಡಲಿ ಎಂದೇ ನಮಾಜು ಮಾಡುವವನು, ಇವರ ಮೇಲೆಲ್ಲ ಹರಿಹಾಯುವ ಈ ಅಧ್ಯಾಯ ಕೊನೆಗೆ ಬಂದು ನಿಲ್ಲುವುದು ತೀರ ಸಣ್ಣದೆಂದು ತೋರುವ ಒಂದು ಆಪಾದನೆಯ ಮೇಲೆ: ಇವರು ಮಾಊನ್ ಕೊಡುವುದಿಲ್ಲ. ಏನಿದು ಮಾಊನ್? ಜಕಾತೇ ಅದು ಎಂದ ಹಳೆಯ ವ್ಯಾಖ್ಯಾನಕಾರರಿದ್ದಾರೆ. ಪ್ರವಾದಿಯ ಒಡನಾಡಿ ಇಬ್ನ್ ಮಸ್ಊದ್ ಹೇಳಿದ ಅರ್ಥ ಬೇರೆ. ನೆರೆಹೊರೆಯವರು ಒಬ್ಬರಿಂದೊಬ್ಬರು ಕೇಳಿ ಒಯ್ಯುವ ಕೊಡಲಿ, ಅಡಿಗೆ ಪಾತ್ರೆ, ನೀರು ಸೇದುವ ಬಕೀಟು, ಇಂಥವು.

ನಾವು ಇಬ್ನ್ ಮಸ್ಊದರ ಪಕ್ಷ. ಯಾಕೆಂದರೆ ಪುತ್ತೂರು, ಸುಳ್ಯ, ಕಡಬದ ಕಡೆಯ ದಲಿತನಿಗೆ ತಲೆಮಾರುಗಳಿಂದ ಸಿಗದೆ ಹೋದದ್ದು ದಾನವಲ್ಲ. ದಾನ ಬೇಕಾದಷ್ಟು ಸಿಕ್ಕಿದೆ. ಹಳಸಿದ ಅನ್ನ, ಹರಿದ ಬಟ್ಟೆ, ಅಂಗಳದ ಮೂಲೆಯಲ್ಲಿ ಎಲೆಯ ಮೇಲೆ ಬಿದ್ದ ಹಬ್ಬದ ಊಟ. ಕೊರಗರಿಗೆ ಉಗುರು, ಕೂದಲು ಬೆರೆಸಿದ ಅನ್ನ ಕೊಟ್ಟದ್ದೂ ‘ಕೊಟ್ಟದ್ದೇ’ ಅಲ್ಲವೆ? ಅದನ್ನು ನಿಲ್ಲಿಸಲು 2000ನೆಯ ಇಸವಿಯಲ್ಲಿ ಅಜಲು ನಿಷೇಧ ಕಾಯಿದೆಯೇ ಬರಬೇಕಾಯಿತು. ಸಿಗದಿದ್ದದ್ದು ಕೊಡಪಾನ. ಬಾವಿಯ ಹಗ್ಗ. ಒಲೆಯ ಕೆಂಡ. ಚಿಟಿಕೆ ಉಪ್ಪು ಸಿಕ್ಕೀತು, ಉಪ್ಪಿನ ಮರಿಗೆ ಮುಟ್ಟುವ ಹಾಗಿಲ್ಲ. ಕುಡಿಯಲು ನೀರು ಕೇಳಿದರೆ ಗೆರಟೆಯಲ್ಲಿ ಹೊಯ್ದರು. ಗೆರಟೆಯ ಅನುಕೂಲ ಏನೆಂದರೆ ಅದನ್ನು ಎಸೆಯಬಹುದು. ಕೊಡಪಾನ ಹಾಗಲ್ಲ. ಕೊಟ್ಟವನ ಮನೆಗೇ ಅದು ವಾಪಸ್ಸು ಬರುತ್ತದೆ, ಇನ್ನೊಬ್ಬನ ಕೈ ಹಿಡಿದು, ತೊಳೆದು ತಂದ ಪಾತ್ರೆಯಾಗಿ. ಮಡಿವಂತಿಕೆ ಹೆದರಿದ್ದು ಕೊಡುವುದಕ್ಕಲ್ಲ, ಈ ವಾಪಸ್ಸು ಬರುವುದಕ್ಕೆ.

ಸಾಹಿತ್ಯದಲ್ಲಿ ಬರುವ ಕರುಣೆಯನ್ನು ನಮ್ಮ ವಿಮರ್ಶಕರು ಈ ಕಣ್ಣಿನಿಂದ ನೋಡಿದ್ದು ಕಡಿಮೆ. ‘ಚೋಮನ ದುಡಿ’ಯನ್ನೇ ತಗೊಳ್ಳಿ. ಪುತ್ತೂರಿನಲ್ಲಿ ನೆಲೆಸಿದ್ದ ಕಾರಂತರು 1933ರಲ್ಲಿ ಬರೆದದ್ದು. ಧಣಿ ಸಂಕಪ್ಪಯ್ಯ ದುಷ್ಟನಲ್ಲ. ಅವನಿಗೆ ಕನಿಕರ ಉಂಟು, ಗದ್ದೆ ಕೊಡುವ ಧೈರ್ಯ ಮಾತ್ರ ಇಲ್ಲ. ‘ಮಾನವೀಯ ಧಣಿ’ ಅಂತ ಬರೆದು ಪುಟ ತಿರುಗಿಸುವುದು ಸುಲಭ. ಅದೇ ಕಾದಂಬರಿಯಲ್ಲಿ ಚೋಮನ ಮಗ ಹೊಳೆಯಲ್ಲಿ ಮುಳುಗುತ್ತಾನೆ. ದಡದಲ್ಲಿ ಜನ ಇದ್ದಾರೆ. ಮುಟ್ಟಿದರೆ ಮೈಲಿಗೆ. ಅಲ್ಲಿ ಬೇಕಾಗಿದ್ದದ್ದು ಒಂದು ಕೈ, ಅಷ್ಟೆ. ದಾನ ಅಲ್ಲ, ಧರ್ಮ ಅಲ್ಲ, ಖರ್ಚೂ ಇಲ್ಲ. ಸಂಕಪ್ಪಯ್ಯನ ಕನಿಕರಕ್ಕೂ ಈ ಸಾವಿಗೂ ಇರುವ ಸಂಬಂಧವನ್ನು ಓದದೆ ಆ ಕಾದಂಬರಿಯನ್ನು ಓದಿದ ಹಾಗಾಗುವುದಿಲ್ಲ.

ಹಾಗಾದರೆ ಇಸ್ಲಾಮಿನಲ್ಲಿ ಎಲ್ಲ ಸರಿ ಉಂಟೋ? ಅಲ್ಲಿಯೂ ಎರಡು ದನಿಗಳಿವೆ. ಶ್ರೀಮಂತನ ಸೊತ್ತಿನಲ್ಲಿ ಕೇಳುವವನಿಗೂ ಇಲ್ಲದವನಿಗೂ ‘ಹಕ್ಕು’ ಇದೆ ಎನ್ನುತ್ತದೆ ಕುರ್‌ಆನು. ಹಕ್ಕು ಎನ್ನುವ ಆ ಪದವೇ ಅರಬ್ಬಿಯಿಂದ ಬಂದು ನಮ್ಮ ಘೋಷಣೆಗಳಲ್ಲಿ ಸೇರಿಕೊಂಡಿದೆ. ಕೊಟ್ಟದ್ದನ್ನು ಎತ್ತಿ ಆಡಿದರೆ ಕೊಟ್ಟದ್ದೇ ವ್ಯರ್ಥ ಎಂದೂ ಅದು ಹೇಳುತ್ತದೆ. ಜಕಾತಿನ ಎಂಟು ಪಾಲುದಾರರಲ್ಲಿ ಸಾಲಗಾರರಿದ್ದಾರೆ, ಬಿಡುಗಡೆಗೆ ಕಾದಿರುವ ಗುಲಾಮರಿದ್ದಾರೆ. ಮೂಲದಾಳಾಗಿ ದುಡಿದವರ ಮೊಮ್ಮಕ್ಕಳಾದ ನಮಗೆ ಈ ಪಟ್ಟಿ ಸುಮ್ಮನೆ ಓದಿ ಬಿಡುವಂಥದ್ದಲ್ಲ. ಆದರೆ ಅದೇ ಪರಂಪರೆಯ ಇನ್ನೊಂದು ದನಿ, ‘ಸಹೀಹ್ ಮುಸ್ಲಿಮ್’ನಲ್ಲಿ ದಾಖಲಾದದ್ದು, ಜಕಾತನ್ನು ಜನರ ಸೊತ್ತಿನ ಕೊಳೆ ಎಂದು ಕರೆಯುತ್ತದೆ, ಹಾಗಾಗಿ ಪ್ರವಾದಿಯ ಮನೆತನಕ್ಕೆ ಅದು ಸಲ್ಲದು. ಪ್ರವಾದಿ ತನ್ನವರಿಗೆ ಲಾಭದ ಬಾಗಿಲು ಮುಚ್ಚಿದರು ಎಂದು ಇದನ್ನು ಅರ್ಥ ಮಾಡಬಹುದು, ಮಾಡಬೇಕು ಕೂಡ. ಆದರೂ ಒಂದು ಮುಳ್ಳು ಉಳಿಯುತ್ತದೆ. ಸಯ್ಯಿದ್ ಮನೆತನದ ತಂಗಳರ ಕೈಗೆ ಕೊಳೆಯಾದದ್ದು ಬಡ ಬ್ಯಾರಿಯ ಕೈಗೆ ಹಕ್ಕು ಆಗುವುದು ಹೇಗೆ? ತಂಗಳ್ ಮನೆತನಕ್ಕೂ ಕ್ಷೌರ ವೃತ್ತಿಯ ಒಸ್ಸಾನ್‌ಗೂ ನಡುವೆ ಹೆಣ್ಣು ಕೊಟ್ಟು ತರುವ ಮಾತು ಬಂದಾಗ ಎದ್ದು ನಿಂತ ಗೋಡೆಯನ್ನು ಕಂಡವರು ಈ ಪ್ರಶ್ನೆಯನ್ನು ಕೇಳದೆ ಇರಲಾರರು.

ಲೆಕ್ಕದ ಮಾತೂ ಅಷ್ಟೆ. 85 ಗ್ರಾಂ ಚಿನ್ನದಷ್ಟು ಸೊತ್ತು ಒಂದು ಚಾಂದ್ರ ವರ್ಷ ಕೈಯಲ್ಲಿ ನಿಂತರೆ 40ರಲ್ಲಿ 1 ಪಾಲು ಜಕಾತು. ನಿಗದಿಯ ಪ್ರಮಾಣ ದಾಟಿದ ಬೆಳೆಗಾದರೆ ಮಳೆನೀರಿನ ಗದ್ದೆಯಲ್ಲಿ 10ರಲ್ಲಿ 1, ನೀರು ಎತ್ತಿ ಹಾಯಿಸಿದ್ದಕ್ಕೆ 20ರಲ್ಲಿ 1. ಆದರೆ ಕರಾವಳಿಯ ಮುಸ್ಲಿಮರು ಹೆಚ್ಚಾಗಿ ಅನುಸರಿಸುವ ಶಾಫಿ ಪಂಥದಲ್ಲಿ ಬೆಳೆಯ ಜಕಾತು ಹೊಟ್ಟೆಗೆ ಆಧಾರವಾದ, ಕೂಡಿಡಬಹುದಾದ ಧಾನ್ಯಕ್ಕೆ, ಖರ್ಜೂರ ದ್ರಾಕ್ಷಿಗೆ ಮಾತ್ರ. ಅಡಿಕೆ, ರಬ್ಬರು ಆ ಪಟ್ಟಿಯಲ್ಲಿಲ್ಲ. ಗದ್ದೆಗಳೆಲ್ಲ ತೋಟವಾದ ಈ ಮೂರು ತಾಲೂಕುಗಳಲ್ಲಿ ಇದರ ಅರ್ಥವೇನು ನೋಡಿ: ಕಣದಲ್ಲಿ ಭತ್ತ ಅಳೆಯುವಾಗಲೇ ಬಡವನ ಪಾಲು ಬೇರೆ ಇಡಬೇಕಾಗಿತ್ತು, ಈಗ ಅಡಿಕೆ ಮಾರಿ ಬಂದ ಹಣ ವರ್ಷ ತುಂಬುವವರೆಗೆ ಉಳಿದರೆ ಉಂಟು, ಇಲ್ಲವಾದರೆ ಇಲ್ಲ. ಜತೆಗೆ ಅದೇ ಪಂಥದ ಪ್ರಕಾರ ಜಕಾತು ಮುಸ್ಲಿಮನಿಗೇ ಸಲ್ಲಬೇಕು. ತೋಟದಲ್ಲಿ ಅಡಿಕೆ ಹೆಕ್ಕುವ ಮೊಗೇರ ಹೆಂಗಸು ಆ ಲೆಕ್ಕದೊಳಗೆ ಬರುವುದಿಲ್ಲ. ಐಚ್ಛಿಕವಾದ ಸದಖದಲ್ಲಿ ಬಂದಾಳು. ಮಾಊನ್‌ನಲ್ಲಿ ಬಂದೇ ಬರುತ್ತಾಳೆ. ನೆರೆಯವನ ಜಾತಿ ಧರ್ಮ ಕೇಳಿ ಯಾರೂ ಏಣಿ ಕೊಡುವುದಿಲ್ಲವಷ್ಟೆ.

ಈ ಸಣ್ಣ ಉಪಕಾರದ ನಿರಾಕರಣೆ ಎಷ್ಟು ದೊಡ್ಡದು ಎನ್ನುವುದನ್ನು ಕನ್ನಡದಲ್ಲಿ ಬಲ್ಲ ಲೇಖಕಿ ಬಂಡಾಯದಿಂದಲೇ ಬಂದ ಹಾಸನದ ಬಾನು ಮುಷ್ತಾಕ್. ಅವರ ಕಥೆಗಳನ್ನು ಪಕ್ಕದ ಮಡಿಕೇರಿಯ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು; ಚಪ್ಪಾಳೆ ಹೊಡೆದವರೆಲ್ಲ ಓದಿದರೋ ಇಲ್ಲವೋ. ಅದರಲ್ಲಿ ಕಫನಿನ ಕಥೆಯೊಂದಿದೆ. ಹಜ್‌ಗೆ ಹೊರಟ ಶ್ರೀಮಂತೆ ಶಾಜಿಯಾಳ ಕೈಗೆ ಬಡ ಮುದುಕಿ ಯಾಸೀನ್ ಬುವಾ ತಾನು ಕೂಡಿಟ್ಟ ಹಣ ಕೊಟ್ಟು, ಜಮ್‌ಜಮ್ ನೀರಿನಲ್ಲಿ ಅದ್ದಿದ ಕಫನ್ ತಂದುಕೊಡು ಅನ್ನುತ್ತಾಳೆ. ಇದು ಭಿಕ್ಷೆಯಲ್ಲ, ಗಮನಿಸಿ. ಹಣ ಅವಳದ್ದೇ. ಕೇಳಿದ್ದು ಒಂದು ತುಂಡು ಬಟ್ಟೆ ಹೊತ್ತು ತರುವ ಉಪಕಾರ. ಶಾಜಿಯಾ ತರುವುದಿಲ್ಲ. ಮುದುಕಿ ಸತ್ತು ಮಗ ಬಾಗಿಲಿಗೆ ಬಂದಾಗ ಕೊಡಲು ಅವಳಲ್ಲಿ ಅದೊಂದೇ ಇಲ್ಲ. ಅವಳ ಅಳುವನ್ನು ಪಶ್ಚಾತ್ತಾಪ ಎಂದು ಓದಿ ಸಮಾಧಾನಪಡುವವರ ಜತೆ ನಮಗೆ ಜಗಳ ಇದೆ. ಬೇಕಾದರೆ ಹತ್ತು ಕಫನ್ ದಾನ ಮಾಡುವ ಶಕ್ತಿ ಅವಳಿಗಿದೆ. ಒಬ್ಬ ಬಡವಿಯ ಸಾಮಾನು ಹೊರುವ ಹೆಗಲು ಇಲ್ಲ. ಬಾನು ಅವಳನ್ನು ರಾಕ್ಷಸಿ ಮಾಡದೆ ಇದನ್ನು ತೋರಿಸಿದರಲ್ಲ, ಆ ಕಥೆಯ ಗಟ್ಟಿತನ ಅಲ್ಲಿದೆ.

ಪುತ್ತೂರಿನ ಬೋಳುವಾರನ್ನೇ ಹೆಸರಿಗೆ ಕಟ್ಟಿಕೊಂಡ ಮಹಮದ್ ಕುಂಞಿ, ಮುತ್ತುಪ್ಪಾಡಿ ಎಂಬ ಊರನ್ನೇ ಕಟ್ಟಿ ಬ್ಯಾರಿಗಳ ಬದುಕನ್ನು ಕನ್ನಡಕ್ಕೆ ಕೊಟ್ಟರು. ಆ ದಾರಿಯಲ್ಲಿ ಬರುವ ಈ ಸೀಮೆಯ ಹೊಸ ಬರಹಗಾರರಿಂದ ನಾವು ಕೇಳುವುದು ಇಷ್ಟೆ. ಹಬ್ಬದ ಸೌಹಾರ್ದದ ಫೋಟೋ ಬೇಡ. ಪ್ರವಾದಿಯ ಒಡನಾಡಿ ಅಬ್ದುಲ್ಲಾ ಬಿನ್ ಅಮ್ರ್ ತಮ್ಮ ಮನೆಯಲ್ಲಿ ಕುರಿ ಕಡಿದ ದಿನ ಮೊದಲು ಕೇಳಿದ್ದು, ನೆರೆಯ ಯಹೂದಿಗೆ ಕಳಿಸಿದಿರೋ ಅಂತ. ಇವತ್ತು ಪೆರ್ನಾಳಿನ ದಿನ ಸುಳ್ಯದ ಯಾವುದೋ ಗುಡ್ಡೆಯ ಮನೆಯಿಂದ ಕೆಳಗಿನ ಕಾಲನಿಗೆ ಬಿರಿಯಾನಿ ಹೋಯಿತು ಅಂತಿಟ್ಟುಕೊಳ್ಳಿ. ಹೋದದ್ದು ಮನೆಯ ಪಿಂಗಾಣಿ ಬಟ್ಟಲಲ್ಲೋ, ಎಸೆಯುವ ಪ್ಲಾಸ್ಟಿಕ್ಕಿನಲ್ಲೋ? ಬಟ್ಟಲಾದರೆ, ಅದನ್ನು ವಾಪಸ್ಸು ತಂದ ಹುಡುಗಿ ಅಡಿಗೆಮನೆವರೆಗೆ ಬಂದಳೋ, ಜಗಲಿಯಲ್ಲಿ ನಿಂತಳೋ? ಖಾಲಿ ತರಬಾರದು ಅಂತ ಅವಳಮ್ಮ ಅದರಲ್ಲಿ ಹಾಕಿ ಕಳಿಸಿದ್ದನ್ನು ಈ ಮನೆಯವರು ತಿಂದರೋ?