ಶ್ರುತಿ ಕಾಯುವ ಮೋಟಾರು

ಟರ್ನ್‌ಟೇಬಲ್ ಒಂದರ ಯೋಗ್ಯತೆ ತಿಳಿಯಬೇಕಾದರೆ ಅದರ ಮೇಲೆ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಹಾಕಬೇಕು. ಡ್ರಮ್ಮು, ಗಿಟಾರಿನ ಗದ್ದಲದಲ್ಲಿ ವೇಗದ ಏರುಪೇರು ಮುಚ್ಚಿಹೋಗುತ್ತದೆ. ಹಿಂದೆ ಮೀಟುತ್ತಿರುವ ತಂಬೂರಿಯ ಷಡ್ಜ ಕೊಂಚ ಅಲುಗಿದರೂ ಕಿವಿಗೆ ಸಿಕ್ಕಿಬೀಳುತ್ತದೆ. ಹಳೆಯ ಡೈರೆಕ್ಟ್ ಡ್ರೈವ್ ಯಂತ್ರಗಳ ಮೇಲೆ ನನಗಿರುವ ಮೋಹಕ್ಕೆ ಕಾರಣ ಇಷ್ಟೇ.

ಬೆಲ್ಟು, ರಬ್ಬರ್ ಚಕ್ರಗಳ ಗೊಡವೆಯೇ ಬೇಡವೆಂದು ಮೋಟಾರನ್ನು ನೇರ ತಟ್ಟೆಯ ಅಡಿಗೇ ತಂದವರು ಜಪಾನಿನ ಮತ್ಸುಶಿತಾ ಕಂಪನಿಯವರು. ಎಂಜಿನಿಯರ್ ಶುಇಚಿ ಒಬಾತಾ ಅವರ ತಂಡ ರೂಪಿಸಿದ ಟೆಕ್ನಿಕ್ಸ್ ಎಸ್‌ಪಿ-10 ಮಾರುಕಟ್ಟೆಗೆ ಬಂದದ್ದು 1970ರಲ್ಲಿ. 1972ರಲ್ಲಿ ಎಸ್‌ಎಲ್-1200, 1979ರಲ್ಲಿ ಕ್ವಾರ್ಟ್ಜ್ ಹರಳಿನ ಕಾವಲಿದ್ದ ಅದರ ಮಾರ್ಕ್ 2. ಡಿಸ್ಕೊದವರು ಅದನ್ನು ಅಪ್ಪಿಕೊಂಡರು ಎಂಬ ಒಂದೇ ಕಾರಣಕ್ಕೆ ‘ಡಿಜೆ ಸಾಮಾನು’ ಎಂದು ಮೂಗು ಮುರಿಯುವ ರಸಿಕರು ಇಂದಿಗೂ ಇದ್ದಾರೆ. ಅವರು ಕಳೆದುಕೊಂಡದ್ದು ಬಹಳ.

ಮಾರ್ಕ್ 2ರ ತಟ್ಟೆಯಲ್ಲಿ ಎರಡು ತೂತುಗಳಿವೆ. ವಿದ್ಯುತ್ ಸಂಪರ್ಕ ತಪ್ಪಿಸಿ, ಅವುಗಳಲ್ಲಿ ಬೆರಳು ತೂರಿಸಿ ನೇರ ಮೇಲಕ್ಕೆತ್ತಿ. ತಟ್ಟೆಯ ಅಡಿಗೆ ಉಂಗುರದಂಥ ಅಯಸ್ಕಾಂತ ಕಾಣುತ್ತದೆ. ಅಂದರೆ ತಟ್ಟೆಯೇ ಮೋಟಾರಿನ ತಿರುಗುವ ಭಾಗ, ಕೆಳಗೆ ಉಳಿದಿರುವುದು ತಂತಿಯ ಸುರುಳಿಗಳು. ಅಯಸ್ಕಾಂತಕ್ಕೆ ಅಂಟಿದ ಕಬ್ಬಿಣದ ಚೂರುಗಳನ್ನು ಒರೆಸಿ ತೆಗೆಯಿರಿ. ನಡುವಿನ ಕಡ್ಡಿಯ ಬುಡಕ್ಕೆ 2000 ಗಂಟೆಗೊಮ್ಮೆ ಎರಡು ಮೂರು ಹನಿ ಎಣ್ಣೆ ಸಾಕು. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ಬಿಟ್ಟ ಮಹಾನುಭಾವರೂ ಇದ್ದಾರೆ, ಇರಲಿ.

ತಟ್ಟೆಯ ಅಂಚಿನ ಚುಕ್ಕಿಗಳೇ ಇದರ ನಾಡಿ. ವೇಗದ ಸ್ಲೈಡರ್ ನಡುವಿನ ಸೊನ್ನೆಯಲ್ಲಿದ್ದಾಗ ಹಸಿರು ದೀಪ ಹತ್ತುತ್ತದೆ, ಕೆಂಪು ಬೆಳಕಿನಲ್ಲಿ ಒಂದು ಸಾಲಿನ ಚುಕ್ಕಿಗಳು ಕದಲದೆ ನಿಲ್ಲುತ್ತವೆ. ಸ್ಲೈಡರನ್ನು ಸರಿಸಿದಾಗ ಚುಕ್ಕಿಗಳು ನಡುಗಿದರೆ ಅದರೊಳಗೆ ಕೊಳೆ ಕೂತಿದೆ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಸೊನ್ನೆಯಲ್ಲೂ ನಿಲ್ಲದಿದ್ದರೆ ಒಣಗಿದ ಕೆಪ್ಯಾಸಿಟರುಗಳ ಮೇಲೆ ಅನುಮಾನಪಡಬೇಕು. ನಾಲ್ಕು ದಶಕ ಹಳೆಯ ಎಲೆಕ್ಟ್ರೊಲಿಟಿಕ್‌ಗಳಿಗೆ ಮುಪ್ಪು ಬಂದಿರುವುದು ಸಹಜ. ನಾನಾದರೆ ಕೆಡುವವರೆಗೆ ಕಾಯದೆ ಬದಲಿಸಿಬಿಡುತ್ತೇನೆ.

ಜಪಾನಿನಿಂದ ತರಿಸುವವರಿಗೆ ಒಂದು ಮಾತು. ಅಲ್ಲಿಯದು 100 ವೋಲ್ಟ್. ನಮ್ಮ 230ಕ್ಕೆ ನೇರ ಚುಚ್ಚಿದರೆ ಹೊಗೆಯೇ ಗತಿ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಒಸಾಕಾದ ಕಡೆ 60 ಹರ್ಟ್ಜ್, ನಮ್ಮಲ್ಲಿ 50 ಎಂದು ಮಾತ್ರ ತಲೆಕೆಡಿಸಿಕೊಳ್ಳಬೇಡಿ. ಹಳೆಯ ಗ್ಯಾರಾರ್ಡುಗಳಂತೆ ಮಾರ್ಕ್ 2 ತನ್ನ ವೇಗಕ್ಕೆ ಗೋಡೆಯ ಕರೆಂಟನ್ನು ನೆಚ್ಚಿಕೊಂಡಿಲ್ಲ.

ಇನ್ನು ಮಾರ್ಪಾಡು. ದುಬಾರಿ ಪಾದಗಳು, ಬೆಳ್ಳಿ ತಂತಿ, ಬಣ್ಣದ ದೀಪ ಎಲ್ಲವೂ ಜೇಬಿನ ತುರಿಕೆ. ಟ್ರಾನ್ಸ್‌ಫಾರ್ಮರನ್ನು ಪೆಟ್ಟಿಗೆಯಿಂದ ಹೊರಗಿಡುವುದಕ್ಕೆ ಅರ್ಥವಿದೆ, ಕಾರ್ಟ್ರಿಜ್ ಬಳಿ ಗುಂಯ್‌ಗುಡುವ ಮೂಲವೇ ದೂರವಾಗುತ್ತದೆ. ನನ್ನ ಪೂರ್ತಿ ಓಟು ಮಾತ್ರ 78ರ ವೇಗ ಜೋಡಿಸುವ ಕೆಲಸಕ್ಕೆ. ಮಾರ್ಕ್ 2ರಲ್ಲಿ ಆ ವೇಗವಿಲ್ಲ. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಎಚ್‌ಎಂವಿಗೆ ಹಾಡಿದ ರೆಕಾರ್ಡುಗಳೆಲ್ಲ 78ರವು. ಆ ಕಾಲದ ಎಲ್ಲ ರೆಕಾರ್ಡುಗಳೂ ಕರಾರುವಾಕ್ಕಾಗಿ 78ರಲ್ಲೇ ತಯಾರಾದವಲ್ಲ. ವೇಗ ಸುಮಾರು ಶೇಕಡಾ 6ರಷ್ಟು ಹೆಚ್ಚಿತೆಂದರೆ ಕರಿ ಒಂದು ಹೋಗಿ ಬಿಳಿ ಎರಡಾಗುತ್ತದೆ! ಮಾರ್ಕ್ 2ರ ಸ್ಲೈಡರ್ ಎರಡೂ ಕಡೆಗೆ ಶೇಕಡಾ 8ರಷ್ಟು ಸರಿಯುತ್ತದೆ. ಹಾರ್ಮೋನಿಯಂ ಪಕ್ಕದಲ್ಲಿಟ್ಟುಕೊಂಡು ಶ್ರುತಿ ಕೂಡಿಸಲು ಅಷ್ಟು ಜಾಗ ಧಾರಾಳ.

ಎರಡನೇ ಹೆಡ್‌ಶೆಲ್ಲಿನಲ್ಲಿ 78ರದ್ದೇ ದಪ್ಪ ಸ್ಟೈಲಸ್ ಸಿದ್ಧವಿರಲಿ. ಎಲ್‌ಪಿಯ ಸಣ್ಣ ಮುಳ್ಳು ಆ ಅಗಲವಾದ ಗೀರಿನ ತಳಕ್ಕಿಳಿದು, ಹಾಡು ಬಿಟ್ಟು ಕಸವನ್ನೇ ಕೆದಕುತ್ತದೆ.