ಐದು ಪ್ರೋಟೀನು, ಒಂದು ಅಂಕ

ಸ್ತನದ ಗಡ್ಡೆ ತೆಗೆಸಿದ ಮೇಲೆ ಮನೆಯವರೆಲ್ಲ ಡಾಕ್ಟರನ್ನು ಕೇಳುವುದು ಒಂದೇ: ಕ್ಯಾನ್ಸರ್ ಮತ್ತೆ ಬರುತ್ತದೆಯೇ? ಇದಕ್ಕೆ ಅಂಕದಲ್ಲಿ ಉತ್ತರ ಕೊಡುವ ಪರೀಕ್ಷೆಯೊಂದು ಬೆಂಗಳೂರಿನಲ್ಲೇ ಹುಟ್ಟಿದೆ. 2011ರಲ್ಲಿ ಮಂಜಿರಿ ಬಾಕ್ರೆ ಕಟ್ಟಿದ ಆಂಕೋಸ್ಟೆಮ್ ಸಂಸ್ಥೆಯ ‘ಕ್ಯಾನ್‌ಅಸಿಸ್ಟ್ ಬ್ರೆಸ್ಟ್’ ಅದು.

ಪರೀಕ್ಷೆ ನೋಡುವುದು ಗಡ್ಡೆಯ ಕೋಶಗಳ ಹೊರಪೊರೆಯಲ್ಲಿರುವ ಪ್ರೋಟೀನುಗಳನ್ನು: ಸಿಡಿ44, ಎಬಿಸಿಸಿ4, ಎಬಿಸಿಸಿ11, ಎನ್-ಕ್ಯಾಡ್ಹೆರಿನ್, ಪ್ಯಾನ್-ಕ್ಯಾಡ್ಹೆರಿನ್. ಕೋಶಕ್ಕೆ ಕೋಶ ಅಂಟಿಕೊಂಡಿರುವುದು ಕ್ಯಾಡ್ಹೆರಿನ್‌ಗಳಿಂದ. ಆ ಹಿಡಿತ ಬದಲಾದರೆ ಕ್ಯಾನ್ಸರ್ ಕೋಶ ಕಳಚಿಕೊಂಡು ಬೇರೆ ಅಂಗಕ್ಕೆ ಹೊರಡುತ್ತದೆ. ಎಬಿಸಿಸಿ ಜೋಡಿ ಒಳಹೊಕ್ಕ ಔಷಧಿಯನ್ನೇ ಹೊರದಬ್ಬುವ ಪಂಪು. ಇವುಗಳ ಜೊತೆಗೆ ಗಡ್ಡೆಯ ಗಾತ್ರ, ದರ್ಜೆ, ಕಂಕುಳ ಗ್ರಂಥಿಗಳ ಸ್ಥಿತಿ ಸೇರಿಸಿ ಕಂಪ್ಯೂಟರು 1ರಿಂದ 100ರೊಳಗೆ ಅಂಕ ಕೊಡುತ್ತದೆ. ಅದು 15.5 ದಾಟದಿದ್ದರೆ ಐದು ವರ್ಷದೊಳಗೆ ರೋಗ ಮರಳುವ ಅಪಾಯ ಕಡಿಮೆ. ಕೀಮೋ ಬೇಡವೆನ್ನಲು ಡಾಕ್ಟರಿಗೆ ಒಂದು ಆಧಾರ.

ಪ್ರೋಟೀನುಗಳನ್ನು ನೋಡುವ ಈ ಆಯ್ಕೆ ಜಾಣತನದ್ದು. ಅಮೆರಿಕದ ಆಂಕೋಟೈಪ್ ಡಿಎಕ್ಸ್ 21 ವಂಶವಾಹಿಗಳನ್ನು ಅಳೆಯುವ ದುಬಾರಿ ಪರೀಕ್ಷೆ. ಬೆಂಗಳೂರಿನ ಪರೀಕ್ಷೆಗೆ ಪ್ಯಾಥಾಲಜಿಯವರು ದಿನವೂ ಮಾಡುವ ಬಣ್ಣ ಹಾಕುವ ವಿಧಾನವೇ ಸಾಕು. ಆದರೆ ಲೆಕ್ಕದ ಸೂತ್ರ ಕಂಪನಿಯ ಕೈಯಲ್ಲಿದೆ, 2019ರ ಮುಖ್ಯ ಅಧ್ಯಯನವೂ ಬಹುಪಾಲು ಅವರದೇ. ಹಳೆಯ ರೋಗಿಗಳ ದಾಖಲೆ ಮತ್ತು ಕಾದಿಟ್ಟ ಗಡ್ಡೆಗಳಿಂದ ಬಂದ ಪುರಾವೆ ಅದು. ನನಗೆ ಅಷ್ಟು ಸಾಲದು. ಕಂಪನಿಗೆ ಸಂಬಂಧವಿಲ್ಲದವರು ಹೊಸ ರೋಗಿಗಳಲ್ಲಿ ನಡೆಸುವ ಪ್ರಯೋಗ ಬೇಕು.

ಇನ್ನೊಂದು ಮಿತಿ ಇದಕ್ಕಿಂತ ದೊಡ್ಡದು. ಹಾರ್ಮೋನ್ ಗ್ರಾಹಕ ಇರುವ, ಹರ್-2 ಎಂಬ ಪ್ರೋಟೀನು ಹೆಚ್ಚಿಲ್ಲದ, ಬೇಗ ಪತ್ತೆಯಾದ ಗಡ್ಡೆಗೆ ಮಾತ್ರ ಈ ಅಂಕ ಅನ್ವಯ. ನಾಚಿಕೆಗೋ, ನೋವಿಲ್ಲವೆಂದೋ, ಕೂಲಿ ತಪ್ಪುತ್ತದೆಂದೋ ಗಂಟನ್ನು ಮುಚ್ಚಿಟ್ಟುಕೊಂಡು, ಅದು ಹುಣ್ಣಾದ ಮೇಲೆ ಹನೂರಿನ ಕಾಡಂಚಿನ ಹಳ್ಳಿಯಿಂದಲೋ ಬಿಳಿಗಿರಿರಂಗನ ಬೆಟ್ಟದ ಪೋಡಿನಿಂದಲೋ ಬಂದ ಹೆಂಗಸಿಗೆ ಇದು ಏನನ್ನೂ ಹೇಳಲಾರದು. ಕೊಳ್ಳೇಗಾಲದಿಂದ ಮೈಸೂರಿಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಅಲೆಯಬೇಕಾದವಳಿಗೆ ಮೊದಲು ಬೇಕಾದದ್ದು ಹಾರ್ಮೋನ್ ಗ್ರಾಹಕಗಳಾದ ಇ.ಆರ್., ಪಿ.ಆರ್. ಮತ್ತು ಹರ್-2 ಎಂಬ ಮೂರು ಪರೀಕ್ಷೆಗಳ ನಂಬಲರ್ಹ ಫಲಿತಾಂಶ. ಹರ್-2 ಹೆಚ್ಚಿದ್ದರೆ ಟ್ರಾಸ್ಟುಜುಮ್ಯಾಬ್ ಎಂಬ ಔಷಧಿ ಇದೆ. ಅದರ ಅಗ್ಗದ ರೂಪವನ್ನು 2014ರಲ್ಲಿ ಮಾರುಕಟ್ಟೆಗೆ ತಂದದ್ದೂ ಬೆಂಗಳೂರಿನ ಬಯೋಕಾನ್ ಕಂಪನಿಯೇ. ಆದರೆ ತೆಗೆದ ಗಡ್ಡೆಯನ್ನು ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಹಾಕದಿದ್ದರೆ ಈ ಪರೀಕ್ಷೆಗಳೆಲ್ಲ ದಾರಿ ತಪ್ಪಬಹುದು, ಇದ್ದ ಗ್ರಾಹಕ ಇಲ್ಲವೆಂದು ಬರಬಹುದು.

ಹಾಗಾಗಿ ಕ್ಯಾನ್‌ಅಸಿಸ್ಟ್ ಒಳ್ಳೆಯ ಪರೀಕ್ಷೆ, ಆದರೆ ಹನೂರು, ಕೊಳ್ಳೇಗಾಲದ ಕಡೆಯ ನಮ್ಮವರಿಗೆ ಅದು ಎರಡನೆಯ ಹೆಜ್ಜೆ. ಗಡ್ಡೆ ತೆಗೆಸಿದವರು ರಿಪೋರ್ಟಿನಲ್ಲಿ ಇ.ಆರ್., ಪಿ.ಆರ್., ಹರ್-2 ಎಂಬ ಮೂರು ಹೆಸರು ಇವೆಯೇ ನೋಡಿ. ಇಲ್ಲದಿದ್ದರೆ ಡಾಕ್ಟರನ್ನು ಕೇಳಿ, ಮೇಣದಲ್ಲಿ ಕೂರಿಸಿಟ್ಟ ಗಡ್ಡೆಯ ತುಂಡನ್ನು, ಅಂದರೆ ಬ್ಲಾಕನ್ನು, ಜೋಪಾನವಾಗಿ ಇಡಿಸಿ.