ನಕ್ಷೆಗೆ ನೆಲ ಕಾಣಿಸುವ ಕಸುಬು

ಜಿಐಎಸ್ (ಭೌಗೋಳಿಕ ಮಾಹಿತಿ ವ್ಯವಸ್ಥೆ) ತರಬೇತಿಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಪಾಠ ಜಿಯೋರೆಫರೆನ್ಸಿಂಗ್. ಸ್ಕ್ಯಾನ್ ಮಾಡಿದ ಹಳೆಯ ಗ್ರಾಮನಕ್ಷೆ ಕಂಪ್ಯೂಟರಿಗೆ ಬರೀ ಚಿತ್ರ. ಆ ಊರು ಭೂಮಿಯ ಮೇಲೆ ಎಲ್ಲಿದೆಯೆಂದು ಕಂಪ್ಯೂಟರಿಗೆ ಗೊತ್ತಿಲ್ಲ. ಕಲಿಯುವವರು ರಸ್ತೆಗಳು ಕೂಡುವ ಜಾಗ, ಕೆರೆ ಏರಿಯ ತುದಿ, ಮೂರು ಊರುಗಳ ಗಡಿ ಸೇರುವ ಕಲ್ಲು ಇಂಥ ಗುರುತುಗಳನ್ನು ಹುಡುಕಿ, ಅವನ್ನು ಉಪಗ್ರಹ ಚಿತ್ರದ ಅದೇ ಬಿಂದುಗಳಿಗೆ ಜೋಡಿಸುತ್ತಾರೆ. ಬಿಂದುಗಳು ಒಂದೇ ಮೂಲೆಯಲ್ಲಿ ಗುಂಪುಗೂಡಿದರೆ ಉಳಿದ ನಕ್ಷೆ ಸೊಟ್ಟಗಾಗುತ್ತದೆ. ನಾಲ್ಕೂ ದಿಕ್ಕಿಗೆ ಹರಡಿರಬೇಕು.

ಮುಂದಿನದು ನಿರ್ದೇಶಾಂಕ ವ್ಯವಸ್ಥೆ. ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚುವ ಯುಟಿಎಂ ಪದ್ಧತಿಯಲ್ಲಿ 78 ಡಿಗ್ರಿ ಪೂರ್ವ ರೇಖಾಂಶ ಎರಡು ವಲಯಗಳ ಗಡಿ. ಬೆಂಗಳೂರು ನಗರ 43ನೇ ವಲಯದಲ್ಲಿದ್ದರೆ, ಪಕ್ಕದ ಕೋಲಾರ ಪಟ್ಟಣ 44ನೇ ವಲಯದಲ್ಲಿ! ವಲಯ ತಪ್ಪಾಗಿ ಆರಿಸಿದರೆ ಊರು ನೂರಾರು ಕಿಲೋಮೀಟರ್ ಆಚೆ ಹೋಗಿ ಕೂರುತ್ತದೆ.

ಇದನ್ನೆಲ್ಲ ಕಲಿಯಲು ದುಬಾರಿ ತಂತ್ರಾಂಶ ಬೇಕಿಲ್ಲ. 2002ರಲ್ಲಿ ಗ್ಯಾರಿ ಶೆರ್ಮನ್ ಆರಂಭಿಸಿದ ಕ್ಯೂಜಿಐಎಸ್ ಇಂದಿಗೂ ಮುಕ್ತ, ಉಚಿತ. ನಾವು ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಕರ್ನಾಟಕದ ದಿಶಾಂಕ್ ಆ್ಯಪ್‌ನಂಥ ಸೌಲಭ್ಯಗಳ ಹಿಂದೆ ಇಂಥದೇ ತಾಳ್ಮೆಯ ದುಡಿಮೆಯಿದೆ.

ಈ ವೃತ್ತಿಗೆ ಬರಬೇಕೆನ್ನುವವರು ನಿಮ್ಮೂರಿನ ನಕ್ಷೆಯಿಂದಲೇ ಶುರುಮಾಡಿ. ಗೊತ್ತಿರುವ ನೆಲದಲ್ಲಿ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ.